ಕೆತ್ತನೆ ರಿವಾಲ್ವರಿಗೆ ನಾನೇ ಬೆಲೆ ಕಟ್ಟಿದ ಕಥೆ

ನನ್ನ ಸ್ಮಿತ್ ಅಂಡ್ ವೆಸನ್ ನ್ಯೂ ಮಾಡೆಲ್ ನಂಬರ್ 3 ರಿವಾಲ್ವರ್ ಹೋದ ಚಳಿಗಾಲದ ಹರಾಜಿನಲ್ಲಿ 7,500 ಡಾಲರಿಗೆ ಹೋಯಿತು. ಅದಕ್ಕೆ ನಾಲ್ಕು ತಿಂಗಳ ಮುಂಚೆ ನಾನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದ ಅಂಕಿ 7,200. ಚೀಟಿ ಇನ್ನೂ ಅಲ್ಲೇ ಇದೆ. ಹೆಂಡತಿ ಎರಡು ಸಲ ಕೀಳಲು ನೋಡಿದಳು, ನಾನು ಬಿಟ್ಟಿಲ್ಲ.

ಇಷ್ಟು ಜಂಬ ಯಾಕೆ ಅಂದರೆ, ಡಲ್ಲಾಸಿನ ನಮ್ಮ ಸಂಗ್ರಾಹಕರ ಗುಂಪಿನಲ್ಲಿ ಒಬ್ಬರೂ ನಂಬಿರಲಿಲ್ಲ. ಕೆತ್ತನೆ ಇರುವ ಗನ್ನಿಗೆ ಮೊದಲೇ ಬೆಲೆ ಹೇಳೋಕೆ ಆಗಲ್ಲ, ಇಬ್ಬರು ಹುಚ್ಚರು ಒಂದೇ ದಿನ ಬಂದರೆ ಒಂದು ರೇಟು, ಒಬ್ಬನೇ ಬಂದರೆ ಇನ್ನೊಂದು, ಅಂತ ಅವರ ವಾದ. ಅದರಲ್ಲೂ ನನ್ನ ಗನ್ನಿನ ಫ್ಯಾಕ್ಟರಿ ಪತ್ರದಲ್ಲಿ, ಅಂದರೆ ಗನ್ನು ಯಾವ ರೂಪದಲ್ಲಿ ಎಲ್ಲಿಗೆ ಹೋಯಿತು ಅಂತ ಕಂಪನಿಯ ಹಳೇ ಪುಸ್ತಕ ನೋಡಿ ಕೊಡುವ ಪತ್ರದಲ್ಲಿ, ಕೆತ್ತನೆಯ ಸುದ್ದಿಯೇ ಇಲ್ಲ. ನಿಕ್ಕಲ್ ಲೇಪ, ನ್ಯೂಯಾರ್ಕಿನ ಎಂ. ಡಬ್ಲ್ಯು. ರಾಬಿನ್ಸನ್ ಅಂಗಡಿಗೆ ರವಾನೆ, ಅಷ್ಟೇ. 'ಸುಮ್ನೆ ಸಾದಾ ಗನ್ನಿನ ರೇಟಿಗೆ ಕೊಟ್ಟುಬಿಡು' ಅಂದರು. ಒಬ್ಬ ಡೀಲರ್ 2,200 ಎಣಿಸಲು ತಯಾರಾಗಿದ್ದ. ತುಲ್ಸಾ ಗನ್ ಶೋನಲ್ಲಿ ನಾನು ಅದಕ್ಕೆ ಸುರಿದಿದ್ದೇ 3,100!

ಈ ಗೀಳು ಹತ್ತಿದ್ದು ವೀಸಾದಿಂದ. ಎಚ್ ಒನ್ ಬಿಯಲ್ಲಿದ್ದಾಗ ನಮ್ಮಂಥವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವ ಹಾಗಿರಲಿಲ್ಲ. ಆದರೆ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಇಲ್ಲಿನ ಫೆಡರಲ್ ಕಾನೂನಿನ ಲೆಕ್ಕದಲ್ಲಿ ಬಂದೂಕೇ ಅಲ್ಲ, ಹಳೇ ವಸ್ತು. ಹಾಗೆ ಶುರುವಾಯಿತು. ಕೆತ್ತನೆಯ ಹುಚ್ಚು ಮಾತ್ರ ಊರಿನದ್ದು. ಸಾಗರದಲ್ಲಿ ನಮ್ಮ ಪಕ್ಕದ ಮನೆ ಗುಡಿಗಾರರದ್ದು. ಶ್ರೀಗಂಧದ ಪೆಟ್ಟಿಗೆ ಕೆತ್ತುತ್ತಿದ್ದ ಮಾವ ಒಮ್ಮೆ ಹೇಳಿದ್ದರು: 'ಹೂವು ಯಾರು ಬೇಕಾದ್ರೂ ಕೆತ್ತುತ್ತಾರೆ ಮಾರಾಯ. ಎಲೆ ತುದಿಯಲ್ಲಿ ಉಳಿ ಹೇಗೆ ಮೇಲೆದ್ದಿದೆ ನೋಡು, ಕೈ ಯಾರದ್ದು ಅಂತ ಗೊತ್ತಾಗ್ತದೆ.' ಮೂವತ್ತು ವರ್ಷದ ಮೇಲೆ ಆ ಮಾತು ಡಾಲರ್ ತಂದುಕೊಟ್ಟಿತು.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ. ನನ್ನ ಮೊದಲ ಕೆತ್ತನೆ ಗನ್ನು ಕೋಲ್ಟ್ ಸಿಂಗಲ್ ಆಕ್ಷನ್, 1880ರ ದಶಕದ್ದು. 4,200 ಕೊಟ್ಟೆ. ಮೈತುಂಬಾ ಬಳ್ಳಿ, ನೋಡಲು ಮದುಮಗನ ಹಾಗೆ. ಪತ್ರ ತರಿಸಿದರೆ: ನೀಲಿ ಬಣ್ಣ, ಅಲಂಕಾರ ನಮೂದಾಗಿಲ್ಲ. ಆಮೇಲೆ ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಹಿಡಿದು ಕೂತೆ. ನಳಿಗೆಯ ಬಾಯಿ ಸೊಂಟದ ಚೀಲದಲ್ಲಿ ಉಜ್ಜಿ ಉಜ್ಜಿ ಉರುಟಾಗಿದೆ, ಅದರ ಮೇಲಿನ ಎಲೆ ಮಾತ್ರ ನಿನ್ನೆ ಕೆತ್ತಿದ ಹಾಗೆ ಚೂಪು. ಒಂದು ಬಳ್ಳಿಯಂತೂ ಫ್ರೇಮಿನ ಪೇಟೆಂಟ್ ತಾರೀಖಿನ ಮೇಲೇ ಹತ್ತಿ ಹೋಗಿತ್ತು. ಅಂದರೆ ಗನ್ನು ಸವೆದ ಮೇಲೆ ಯಾರೋ ಕೆತ್ತಿದ್ದು. ಕಣ್ಣೆದುರೇ ಇದ್ದದ್ದು, ಕೊಳ್ಳುವಾಗ ಕಾಣಲಿಲ್ಲ. 2,600ಕ್ಕೆ ಕೊಟ್ಟು ಕೈ ತೊಳೆದೆ.

ಎರಡನೇ ಪೆಟ್ಟು ಇನ್ನೂ ನಾಚಿಕೆಯದ್ದು. ಗ್ರೀನ್ ಕಾರ್ಡ್ ಬಂದ ಮೇಲೆ ಈಚಿನ ಕಾಲದ ಒಂದು ಸ್ಮಿತ್ ಅಂಡ್ ವೆಸನ್ ತೆಗೆದುಕೊಂಡೆ, 'ಸಿ' ದರ್ಜೆಯ ಕೆತ್ತನೆ ಅಂತ. ಕೋಲ್ಟಿನಲ್ಲಿ 'ಎ' ಅಂದರೆ ಗನ್ನಿನ ಮೈಯ ಕಾಲು ಭಾಗಕ್ಕೆ ಕೆತ್ತನೆ, 'ಸಿ' ಅಂದರೆ ಮುಕ್ಕಾಲು, 'ಡಿ' ಅಂದರೆ ಪೂರ್ತಿ. ಅದೇ ಲೆಕ್ಕದಲ್ಲಿ ದುಡ್ಡು ಕೊಟ್ಟೆ. ಸ್ಮಿತ್ ಅಂಡ್ ವೆಸನ್ನಿನವರದ್ದು ಉಲ್ಟಾ: 'ಎ' ಪೂರ್ತಿ, 'ಸಿ' ಮೂರರಲ್ಲೊಂದು ಭಾಗ. ಆರುನೂರು ಡಾಲರ್ ಹೋಯಿತು. ನೀವು ನಗಬಹುದು, ನಿಮ್ಮಲ್ಲೂ ಒಬ್ಬಿಬ್ಬರಿಗೆ ಹೀಗಾಗಿದೆ ಅಂತ ನನಗೆ ಗೊತ್ತು.

ಈಗ ನಂಬರ್ 3ರ ವಿಷಯ. ಪತ್ರದಲ್ಲಿ ಇಲ್ಲ ಅಂದರೆ ನಕಲಿ ಅಂತ ಎಲ್ಲರೂ ಎರಡೇ ಖಾನೆ ಮಾಡುತ್ತಾರೆ. ಮೂರನೆಯದೊಂದಿದೆ. ಆ ಕಾಲದಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಗಳು ಸಾದಾ ಗನ್ನು ತರಿಸಿ, ಅಲ್ಲೇ ನಿಮ್ಷ್ಕೆಯಂಥ ಕೆತ್ತನೆಗಾರರಿಗೆ ಕೊಟ್ಟು ಮಾರುತ್ತಿದ್ದವು. ಫ್ಯಾಕ್ಟರಿ ಪುಸ್ತಕಕ್ಕೆ ಅದು ಗೊತ್ತಿರುವುದೇ ಇಲ್ಲ. ಹಾಗಾಗಿ ನಾನು ಪತ್ರ ಪಕ್ಕಕ್ಕಿಟ್ಟು ಗೆರೆಯ ತಳ ನೋಡಿದೆ. ಉಳಿ ಹೋದ ಪ್ರತಿ ಗೆರೆಯ ತಳದಲ್ಲೂ ನಿಕ್ಕಲ್ ಕೂತಿತ್ತು. ಅಂದರೆ ಕೆತ್ತನೆ ಮೊದಲು, ಈಗಿರುವ ಲೇಪ ಆಮೇಲೆ; ಫ್ಯಾಕ್ಟರಿಯಿಂದ ಬಂದ ಗನ್ನನ್ನು ಕೆತ್ತಿಸಿದ ಬಳಿಕ ಅಂಗಡಿಯವರೇ ಮತ್ತೆ ಲೇಪ ಹಾಕಿಸಿರಬೇಕು. ನಳಿಗೆಯ ಬಾಯಲ್ಲಿ ಲೇಪವೂ ಎಲೆಯೂ ಒಟ್ಟಿಗೆ ಸವೆದಿದ್ದವು.

'ಆಮೇಲೆ ಯಾರೋ ಕೆತ್ತಿಸಿ, ಮತ್ತೆ ನಿಕ್ಕಲ್ ಹಾಕಿಸಿರಬಹುದಲ್ಲ?' ಅಂತ ಗುಂಪಿನ ಹಿರಿಯರೊಬ್ಬರು ಕೇಳಿದರು. ಒಳ್ಳೇ ಪ್ರಶ್ನೆ, ಒಪ್ಪುತ್ತೇನೆ. ಹಾಗೆ ಎಷ್ಟೋ ವರ್ಷದ ಮೇಲೆ ಲೇಪ ಹಾಕುವವರು ಸಾಮಾನ್ಯವಾಗಿ ಎಲ್ಲವನ್ನೂ ತೊಟ್ಟಿಗೆ ಅದ್ದಿಬಿಡುತ್ತಾರೆ. ನನ್ನದರಲ್ಲಿ ಟ್ರಿಗರ್ ಗಾರ್ಡ್ ಇನ್ನೂ ನೀಲಿ, ಹ್ಯಾಮರಿನ ಮೇಲೆ ಕೇಸ್ ಕಲರಿನ (ಉಕ್ಕನ್ನು ಗಟ್ಟಿ ಮಾಡುವಾಗ ಮೂಡುವ ಬಣ್ಣದ) ನೆರಳು ಉಳಿದಿತ್ತು. ಹಿಡಿಯ ಬುಡದಲ್ಲಿರುವ ಸೀರಿಯಲ್ ನಂಬರಿನ ಪಕ್ಕ ಫ್ಯಾಕ್ಟರಿಗೆ ವಾಪಸ್ ಹೋಗಿಬಂದ ನಕ್ಷತ್ರದ ಗುರುತೂ ಇಲ್ಲ. ದಂತದ ಹಿಡಿ ಬಿಚ್ಚಿದರೆ ಒಳಗೆ ಅದೇ ನಂಬರು ಗೀರಿದ್ದರು. ನಿಮ್ಷ್ಕೆಯ ಕೈ ಅಂತ ಬರೆಯುವ ಆಸೆ ನನಗೂ ಬಂತು. ಸಹಿ ಇಲ್ಲ, ಆದ್ದರಿಂದ ಹರಾಜಿನ ಪಟ್ಟಿಯಲ್ಲಿ 'ನ್ಯೂಯಾರ್ಕ್ ಶೈಲಿ' ಅಂತಷ್ಟೇ ಬರೆಸಿದೆ. ಗುಡಿಗಾರ ಮಾವ ತೋರಿಸಿದ ಇನ್ನೊಂದು ಗುರುತಿದೆ, ಬಾಗಿದ ಗೆರೆ ಶುರುವಾಗುವ ಜಾಗಕ್ಕೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಹೇಳಲ್ಲ. ನಕಲಿ ಮಾಡುವವರಿಗೂ ಓದಲು ಬರುತ್ತದೆ.

ನಡುವೆ ಬೇಡದ ಪ್ರಯೋಗಗಳೂ ಆದವು. ಚಿನ್ನ ಪರೀಕ್ಷೆ ಮಾಡುವ ಎಕ್ಸ್‌ರೇ ಯಂತ್ರದಲ್ಲಿ ನಿಕ್ಕಲ್ಲಿನ ವಯಸ್ಸು ಗೊತ್ತಾಗಬಹುದು ಅಂತ ಅರವತ್ತು ಡಾಲರ್ ಕೊಟ್ಟೆ. ಅದು 'ನಿಕ್ಕಲ್' ಅಂತ ಹೇಳಿತು. ಅದು ನನಗೂ ಗೊತ್ತಿತ್ತು. ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಸಿಲಿಕೋನಿನಲ್ಲಿ ಗೆರೆಯ ಅಚ್ಚು ತೆಗೆದದ್ದು ಮಾತ್ರ ಭಾರೀ ಉಪಯೋಗಕ್ಕೆ ಬಂತು. ಗನ್ನು ತಿರುಗಿಸುತ್ತಾ ಕಣ್ಣು ನೋಯಿಸಿಕೊಳ್ಳುವ ಬದಲು ಅಚ್ಚನ್ನೇ ಬೆಳಕಿಗೆ ಹಿಡಿಯಬಹುದು. ದಂತ ಹೌದೋ ಅಲ್ಲವೋ ಅಂತ ಕಾದ ಸೂಜಿ ಮುಟ್ಟಿಸಿದ್ದು ದೊಡ್ಡ ಪೆದ್ದತನ. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಉಳಿಯಿತು. ನೇರಳಾತೀತ (ಯುವಿ) ಟಾರ್ಚು ಹಿಡಿದಿದ್ದರೆ ಸಾಕಿತ್ತು, ದಂತ ನೀಲಿ ಬಿಳುಪಾಗಿ ಹೊಳೆಯುತ್ತದೆ. ಕೊನೆಗೆ ಹಿಡಿಯ ಅಂಚಿನಲ್ಲಿ, ದಂತದೊಳಗೇ ಇರುವ, ಒಂದನ್ನೊಂದು ಕತ್ತರಿಸುವ ಗೆರೆಗಳನ್ನು ನೋಡಿ ಖಾತ್ರಿ ಮಾಡಿಕೊಂಡೆ.

ಲೆಕ್ಕಕ್ಕೆ ಬರೋಣ. ಮಾರುವವರು ಕೇಳುವ ಬೆಲೆಯನ್ನು ನಾನು ನೋಡುವುದೇ ಇಲ್ಲ, ಮಾರಾಟ ಆದದ್ದು ಮಾತ್ರ. ಅದರಲ್ಲೂ ಒಂದು ಮೋಸ ಇದೆ. ದೊಡ್ಡ ಹರಾಜು ಮನೆಗಳು ಪ್ರಕಟಿಸುವ ಅಂಕಿಯಲ್ಲಿ ಸಾಮಾನ್ಯವಾಗಿ ಕೊಂಡವನು ಕಟ್ಟುವ ಕಮಿಷನ್ನೂ ಸೇರಿರುತ್ತದೆ. ಅದು ಶೇಕಡಾ 20 ಅಂದುಕೊಳ್ಳಿ. ಹತ್ತು ಸಾವಿರ ಅಂತ ಕಂಡರೆ ಕೂಗು ನಿಂತದ್ದು 8,300ರ ಹತ್ತಿರ. ಅದರಲ್ಲಿ ಮಾರುವವನ ಕಮಿಷನ್ ಕಳೆದರೆ ಏಳು ಸಾವಿರ ಚಿಲ್ಲರೆ. ಅಡಿಕೆ ಮಂಡಿಯಲ್ಲಿ ರೇಟು ಬೇರೆ, ಪಟ್ಟಿಯಲ್ಲಿ ಕೈಗೆ ಬರುವುದು ಬೇರೆ, ಅಲ್ವಾ? ಅದೇ ಕಥೆ.

ಆರು ವರ್ಷದ ಮಾರಾಟ ಕೆದಕಿ ಹೋಲಿಸಲು ಹದಿನಾಲ್ಕೋ ಹದಿನೈದೋ ಜೋಡಿ (ಸಾದಾ ಒಂದು, ಕೆತ್ತನೆಯದೊಂದು) ಹುಡುಕಿದೆ. ಅಷ್ಟೇ ಲೇಪ ಉಳಿದಿರುವ ಸಾದಾ ನಂಬರ್ 3 ಕೂಗು ನಿಂತ ಲೆಕ್ಕದಲ್ಲಿ ಸುಮಾರು 2,600. ಫ್ಯಾಕ್ಟರಿ ಕೆತ್ತನೆ ಅಂತ ಪತ್ರ ಇದ್ದದ್ದು ಅದರ ನಾಲ್ಕೈದು ಪಟ್ಟು. ಆಮೇಲೆ ಕೆತ್ತಿದ್ದಕ್ಕೆ ಸಾದಾ ರೇಟೂ ಹುಟ್ಟುವುದಿಲ್ಲ. ನ್ಯೂಯಾರ್ಕಿನ ಆ ಕಾಲದ ಕೆಲಸ ಎರಡೂವರೆಯಿಂದ ಮೂರು ಪಟ್ಟು. ನನ್ನದಕ್ಕೆ ಮೂರು ಹಿಡಿದೆ, 7,800. ದಂತದ ಹಿಡಿಗೆ ಶೇಕಡಾ 8 ಕಳೆದೆ. ದಂತಕ್ಕೆ ಕಳೆಯುವುದಾ ಅಂತ ಹೆಂಡತಿಗೂ ಆಶ್ಚರ್ಯ. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿ ದಂತದ ವ್ಯಾಪಾರಕ್ಕೆ ಬಿಗಿ ಕಾನೂನಿದೆ, ಅಲ್ಲಿನವರು ಕೂಗಿಗೆ ಬರುವುದು ಕಡಿಮೆ. ಹಾಗೆ ಬಂತು 7,200.

ಸಿಲಿಕೋನ್ ಅಚ್ಚಿನ ಫೋಟೋ, ಗೆರೆಯ ತಳದ ಫೋಟೋ, ಹಿಡಿಯ ಒಳಗಿನ ನಂಬರು, ಎಲ್ಲವನ್ನೂ ಹರಾಜಿನವರಿಗೆ ಕೊಟ್ಟೆ. ಅವರ ಮೊದಲ ಅಂದಾಜು 2,500ರಿಂದ 4,000 ಇತ್ತು. ಫೋಟೋ ನೋಡಿದ ಮೇಲೆ 5,000ರಿಂದ 8,000 ಅಂತ ತಿದ್ದಿದರು. ಕಮಿಷನ್ 15 ಕೇಳಿದರು, ಜಗ್ಗಾಡಿ 10ಕ್ಕೆ ತಂದೆ. ಅದು, ಇನ್ಶೂರೆನ್ಸು, ರವಾನೆ, ಪತ್ರದ ದುಡ್ಡು ಎಲ್ಲ ಕಳೆದು ಕೈಗೆ ಬಂದದ್ದು 6,500ರ ಆಸುಪಾಸು. ಲಾಭದ ಮೇಲೆ ತೆರಿಗೆ ಬೇರೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಸಂಗ್ರಹದ ವಸ್ತು ಅಂತ ಫೆಡರಲ್ ತೆರಿಗೆ ಶೇಕಡಾ 28ರ ತನಕ ಹೋಗಬಹುದು, ಮೊದಲೇ ಎತ್ತಿಡಿ. ಕೊಂಡವರು ಆ ಸೂಜಿ ಚುಕ್ಕೆ ಏನು ಅಂತ ಹರಾಜು ಮನೆಯ ಮೂಲಕ ಕೇಳಿಸಿದ್ದರು. ನಿಜ ಹೇಳಿದೆ.

ಈಗ ಮೇಜಿನ ಮೇಲೆ ಒಂದು ಕೋಲ್ಟ್ 1877 ಲೈಟ್ನಿಂಗ್ ಇದೆ, ಕೆತ್ತನೆ ಅರ್ಧ ಭಾಗ, ಪತ್ರ ಇನ್ನೂ ಬಂದಿಲ್ಲ. ಈ ಸಲ ಗುಂಪಿನ ಮೂವರು ತಮ್ಮ ತಮ್ಮ ಅಂಕಿ ಬರೆದು ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದಾರೆ. ಸೋತವರು ಎಲ್ಲರಿಗೂ ಊಟ ಹಾಕಬೇಕು. ನನ್ನ ಚೀಟಿಯೂ ಫ್ರಿಜ್ಜಿನ ಮೇಲಿದೆ, ಮಗುಚಿ ಅಂಟಿಸಿದ್ದೇನೆ.