ಕೊನೇ ಪದ ಹುಡುಕದೆ ಸರಾಸರಿ ದರ: ನನ್ನ ರಟ್ಟಿನ ಪಟ್ಟಿಯ ಕಥೆ

ಪ್ರತಿ ಪದವನ್ನೂ ಒಂದೇ ಸಂಖ್ಯೆಯಿಂದ (ಅದೇ ಅನುಪಾತ) ಗುಣಿಸಿ ಮುಂದಿನ ಪದ ಪಡೆಯುವ ಗುಣೋತ್ತರ ಶ್ರೇಢಿಯ ಸರಾಸರಿ ಬದಲಾವಣೆ ದರವನ್ನು, ಅಂದರೆ ಹೆಜ್ಜೆಗೆ ಸರಾಸರಿ ಎಷ್ಟು ಬದಲಾಯಿತು ಅನ್ನೋದನ್ನು, ಕೊನೇ ಪದ ಕಂಡುಹಿಡಿಯದೇನೇ ಒಂದು ಪಟ್ಟಿ ನೋಡಿ ಹೇಳ್ತೀನಿ ಅಂದಾಗ, ಜೊತೆಗೆ ಪಾಠ ಮಾಡುವವರು ನಕ್ಕಿದ್ದರು. "ಕೊನೇದರಿಂದ ಮೊದಲಿನದು ಕಳಿ, ಭಾಗಿಸು, ಮುಗೀತು. ಇದಕ್ಕೂ ಒಂದು ಪಟ್ಟಿ ಬೇಕಾ?" ಅಂತ ಒಬ್ಬರು ಕೇಳಿದರು. ಕಳೆದ ತಿಂಗಳು ಅವರೇ ಒಂದು ಲೆಕ್ಕ ಕೊಟ್ಟರು. ಮೊದಲ ಪದ 5, ಅನುಪಾತ 3, 4ನೇ ಪದದಿಂದ 9ನೇ ಪದದವರೆಗೆ. ಅವರು ಕ್ಯಾಲ್ಕುಲೇಟರ್ ಹಿಡಿದರು, ನಾನು ಪಟ್ಟಿ ಬರೆದಿಟ್ಟ ನನ್ನ ರಟ್ಟು ತೆಗೆದೆ. ನನ್ನ ಉತ್ತರ 6534. ಅವರದು 5445.

ಅವರು ನಾಲ್ಕು, ಐದು, ಆರು ಅಂತ ಬೆರಳು ಮಡಚುತ್ತಾ ಒಂಬತ್ತರವರೆಗೆ ಎಣಿಸಿ, 6ರಿಂದ ಭಾಗಿಸಿದ್ದರು. ಪದ ಆರು, ಸರಿ. ಆದರೆ ನಡುವಿನ ಹೆಜ್ಜೆ ಐದೇ ಅಲ್ವಾ? ನಾನು ಜಾಸ್ತಿ ಮಾತಾಡಲಿಲ್ಲ. ಈ ಗುಂಡಿಗೆ ನಾನೇ ಎಷ್ಟೋ ಸಲ ಬಿದ್ದಿದ್ದೇನೆ.

ಇದಕ್ಕಿಂತ ದೊಡ್ಡ ಗುಂಡಿ ದುಡ್ಡಿನದು. ಒಂದು ಮೊತ್ತವನ್ನು ಚಕ್ರಬಡ್ಡಿಗೆ ಇಟ್ಟಿದ್ದೆ. ನಿಜವಾದ ಮೊತ್ತ ಬೇಡ, ಸಾವಿರ ಅಂತ ಇಟ್ಕೊಳ್ಳಿ. ವರ್ಷಕ್ಕೆ ಶೇಕಡ 8. ಒಂಬತ್ತು ವರ್ಷಕ್ಕೆ ಹತ್ತಿರ ಹತ್ತಿರ ದುಪ್ಪಟ್ಟು, 1999. ಹೆಚ್ಚಿದ್ದು 999, ಒಂಬತ್ತರಿಂದ ಭಾಗಿಸಿದರೆ ವರ್ಷಕ್ಕೆ 111. ಲೆಕ್ಕ ಸರಿಯಾಗೇ ಇತ್ತು. ಆಮೇಲೆ ಮಾಡಿದ್ದು ದಡ್ಡತನ. ಹೇಗೂ ಸರಾಸರಿ 111 ಬರುತ್ತಲ್ಲ, ವರ್ಷಾ ವರ್ಷಾ ಅಷ್ಟು ತೆಗೆದರೆ ಅಸಲು ಹಾಗೇ ಇರುತ್ತೆ ಅಂದುಕೊಂಡೆ. ಮೊದಲ ವರ್ಷ ಬಂದಿದ್ದು 80. ನಾನು ತೆಗೆದದ್ದು 111. ಮೂರನೇ ವರ್ಷದ ಕೊನೆಗೆ ಸಾವಿರ ಇದ್ದದ್ದು ಹೆಚ್ಚುಕಮ್ಮಿ 900ಕ್ಕೆ ಇಳಿದಿತ್ತು. ಆಗ ಎಚ್ಚರವಾಯಿತು. ಹಾಗೇ ಬಿಟ್ಟಿದ್ದರೆ ಒಂಬತ್ತನೇ ವರ್ಷಕ್ಕೆ 613 ಉಳಿಯುತ್ತಿತ್ತು. ಮುಟ್ಟದೇ ಇದ್ದರೆ ಮಾತ್ರ ಒಂಬತ್ತನೇ ವರ್ಷದ ಬಡ್ಡಿ 148 ಆಗುವುದು. ಮೊದಲ ಐದು ವರ್ಷ ಬಡ್ಡಿ 111ರ ಕೆಳಗೇ.

ಹೆಜ್ಜೆ ಹೆಜ್ಜೆಯ ವ್ಯತ್ಯಾಸಗಳನ್ನು ಬರೆದು ಕೂರುವ ಅಭ್ಯಾಸ ಅಲ್ಲಿಂದ ಶುರುವಾಯಿತು. ಮೊದಮೊದಲು ಶಾರ್ಟ್‌ಕಟ್ ಹುಡುಕಿ ಮತ್ತೆ ಎಡವಿದೆ. ಮೊದಲ ಹೆಜ್ಜೆಯ ದರ, ಕೊನೇ ಹೆಜ್ಜೆಯ ದರ ಕೂಡಿಸಿ ಅರ್ಧ ಮಾಡಿದರೆ ಸಾಕು ಅಂದುಕೊಂಡಿದ್ದೆ. 3, 6, 12, 24, 48 ತಗೊಳ್ಳಿ. ಹೆಜ್ಜೆಗಳು 3, 6, 12, 24. ನನ್ನ ಶಾರ್ಟ್‌ಕಟ್ 13.5 ಅನ್ನುತ್ತೆ. ನಿಜವಾದದ್ದು 45ನ್ನು 4ರಿಂದ ಭಾಗಿಸಿದರೆ ಬರುವ 11.25. ಪ್ರತಿ ಸಲ ಒಂದೇ ಸಂಖ್ಯೆ ಕೂಡಿಸುತ್ತಾ ಹೋಗುವ ಸಮಾಂತರ ಶ್ರೇಢಿಯ ಚಾಳಿ ಇಲ್ಲಿ ನಡೆಯಲ್ಲ.

ಕೊನೆಗೆ ಕೈಹಿಡಿದದ್ದು ಒಂದು ಸಣ್ಣ ವಿಷಯ. ಹೊರಡುವ ಪದ 1 ಇದ್ದಾಗ ದರ ಎಷ್ಟು ಅಂತ ಒಮ್ಮೆ ಬರೆದಿಟ್ಟರೆ ಸಾಕು. ಬೇರೆ ಯಾವ ಪದದಿಂದ ಹೊರಟರೂ ಆ ಪದದಿಂದ ಗುಣಿಸಿದರೆ ಆಯಿತು. ಪಟ್ಟಿ ಕಟ್ಟೋಕೆ ಘಾತಾಂಕವೂ ಬೇಡ. ಒಟ್ಟು ಏರಿಕೆಯ ಸಾಲನ್ನು ಹಿಂದಿನದರಿಂದಲೇ ಬೆಳೆಸಬಹುದು: ಅನುಪಾತದಿಂದ ಗುಣಿಸು, ಅನುಪಾತಕ್ಕಿಂತ ಒಂದು ಕಮ್ಮಿ ಇರುವುದನ್ನು ಕೂಡಿಸು. ಅನುಪಾತ 3 ಆದರೆ 2, 8, 26, 80, 242. ಪ್ರತಿಯೊಂದನ್ನೂ ಅದರ ಹೆಜ್ಜೆಯ ಸಂಖ್ಯೆಯಿಂದ ಭಾಗಿಸಿ. ಐದನೆಯದು 48.4. ನಾಲ್ಕನೇ ಪದ 135. ಗುಣಿಸಿದರೆ 6534. ರಟ್ಟು ಗೆದ್ದದ್ದು ಹೀಗೆ. ಶೇಕಡ 8ರದ್ದೂ ಅಷ್ಟೇ, 1.08ರಿಂದ ಗುಣಿಸಿ 0.08 ಕೂಡಿಸುತ್ತಾ ಹೋಗೋದು.

ಅನುಪಾತ ಒಂದಕ್ಕಿಂತ ಕಮ್ಮಿ ಇರುವ ಭಿನ್ನರಾಶಿ ಆದರೆ ಶ್ರೇಢಿಯನ್ನು ತಿರುವಿ ಓದಿ. 800, 400, 200, 100 ಅನ್ನೋದನ್ನು 100ರಿಂದ ಮೇಲಕ್ಕೆ ಓದಿದರೆ ಅನುಪಾತ 2, ಮೂರು ಹೆಜ್ಜೆ. ಅನುಪಾತ 2ರ ಏರಿಕೆಯ ಸಾಲು 1, 3, 7; ಅದರ ಮೂರನೆಯದಾದ 7ನ್ನು 3ರಿಂದ ಭಾಗಿಸಿ, 100ರಿಂದ ಗುಣಿಸಿ, ಮುಂದೆ ಋಣ ಚಿಹ್ನೆ ಹಾಕಿ: −233.3. ಒಂದೂವರೆ, ಎರಡೂವರೆಯಂಥ ಅನುಪಾತಕ್ಕೆ ಬಾಯಲ್ಲೇ ಮಾಡುವ ಇನ್ನೊಂದು ದಾರಿಯಿದೆ. ಅದು ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಋಣ ಅನುಪಾತಕ್ಕೆ ಈ ಪಟ್ಟಿ ಕೆಲಸ ಮಾಡಲ್ಲ ಅಂತ ಎಲ್ಲರೂ ಅಂದಿದ್ದರು. ಮಾಡುತ್ತೆ. −2ಕ್ಕೆ ಏರಿಕೆಯ ಸಾಲು −3, 3, −9, 15, −33. ದರಗಳು −3, 1.5, −3, 3.75, −6.6. ಒಂದನೇ ಹೆಜ್ಜೆಯಲ್ಲೂ ಮೂರನೇ ಹೆಜ್ಜೆಯಲ್ಲೂ −3 ಬಂದದ್ದು ನೋಡಿ ಏನೋ ಗುಟ್ಟಿದೆ ಅಂತ ಒಂದಿಡೀ ಸಂಜೆ ಕೂತೆ. ಏನೂ ಸಿಗಲಿಲ್ಲ, ಸುಮ್ನೆ ಹಾಗೆ ಬಿದ್ದಿದೆ ಅಷ್ಟೆ.

ಇನ್ನೊಂದು ಸಂಜೆ ಚೆನ್ನಾಗಿ ಹೋಯಿತು. ಎಷ್ಟು ಹೆಜ್ಜೆಗಳು ಸರಾಸರಿಗಿಂತ ಕೆಳಗೆ ಇರುತ್ತವೆ ಅಂತ ಎಣಿಸಿದೆ. 1ರಿಂದ ಹೊರಟು, ಅನುಪಾತ 2, ಹತ್ತು ಹೆಜ್ಜೆ: ಸರಾಸರಿ 102.3, ಹೆಜ್ಜೆಗಳು 1ರಿಂದ 512. ಏಳು ಕೆಳಗೆ, ಮೂರೇ ಮೇಲೆ. ಅನುಪಾತ 3 ಮಾಡಿದರೆ ಎಂಟು ಕೆಳಗೆ, ಎರಡು ಮೇಲೆ. ಅನುಪಾತ 2ರಲ್ಲೇ ಇಪ್ಪತ್ತು ಹೆಜ್ಜೆ ಹಾಕಿದರೆ ಹದಿನಾರು ಕೆಳಗೆ. ದುಡ್ಡು ಇಟ್ಟಾಗ ಇದು ಗೊತ್ತಿದ್ದಿದ್ದರೆ 111ನ್ನು ನಂಬುತ್ತಿರಲಿಲ್ಲ.

ರಟ್ಟಿನಲ್ಲಿ ಈಗ ಹದಿನಾಲ್ಕೋ ಹದಿನೈದೋ ಅನುಪಾತಗಳಿವೆ, ಒಂದೊಂದಕ್ಕೆ ಹನ್ನೆರಡು ಹೆಜ್ಜೆ. 1ರ ಸಾಲನ್ನೂ ಬರೆದಿದ್ದೇನೆ, ಬರೀ ಸೊನ್ನೆಗಳು. ಶ್ರೇಢಿಯ ಪದಗಳನ್ನೆಲ್ಲ ಕೂಡಿಸುವ ಮೊತ್ತದ ಸೂತ್ರ ಅನುಪಾತ 1ಕ್ಕೆ ಬಂದಾಗ ಸೊನ್ನೆಯಿಂದ ಭಾಗಿಸಬೇಕಾಗಿ ಕೈಕೊಡುತ್ತೆ, ಈ ಪಟ್ಟಿ ಕೊಡಲ್ಲ. ನಕ್ಕಿದ್ದವರು ಮೊನ್ನೆ ಬಂದು ಫೋಟೋ ತೆಗೆದುಕೊಳ್ಳಲಾ ಅಂತ ಕೇಳಿದರು. 2ರದ್ದು, 3ರದ್ದು ತೋರಿಸಿದೆ. ಒಂದೂವರೆಯ ಸಾಲಿನ ಮೇಲೆ ಮಾತ್ರ ಅಂಗೈ ಇಟ್ಟಿದ್ದೆ.