ಪಾಲುದಾರ ಬಿಟ್ಟ ಮೇಲೆ ಜಿಎಸ್‌ಟಿ ಕ್ರೆಡಿಟ್ ಉಳಿಸಿಕೊಂಡದ್ದು

ಕೋಲಾರದ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಮ್ಮದು ಇಬ್ಬರೇ ಪಾಲುದಾರರ ಸಂಸ್ಥೆಯಾಗಿತ್ತು. ಒಬ್ಬರು ಬಿಟ್ಟು, ಅಂಥದ್ದೇ ಸಾಫ್ಟ್‌ವೇರ್ ಕಡಿಮೆ ಬೆಲೆಗೆ ಮಾರತೊಡಗಿದರು. ಒಬ್ಬನೇ ಉಳಿದರೆ ಅದು ಪಾಲುದಾರಿಕೆ ಅಲ್ಲ. ಹಳೆ ಜಿಎಸ್‌ಟಿ ನಂಬರಿನಲ್ಲಿ ಬಿಲ್ ಹಾಕುವಂತಿಲ್ಲ, ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ, ಮುಂದಿನ ತೆರಿಗೆಗೆ ವಜಾ ಮಾಡಿಕೊಳ್ಳಬಹುದಾದ ಜಿಎಸ್‌ಟಿ) ಮಾತ್ರ ಅಲ್ಲೇ ಸಿಕ್ಕಿಕೊಂಡಿತ್ತು.

ಅವರ ಪೈಪೋಟಿಗೆ ನಾನೂ ಬೆಲೆ ಇಳಿಸಿದೆ, ಉಪಯೋಗವಾಗಲಿಲ್ಲ. ಮಂಡಿಯವರಿಗೆ ಬೇಕಿದ್ದದ್ದು ಹರಾಜಿನ ಹೊತ್ತಿಗೆ ಫೋನ್ ಎತ್ತುವವರು. ಕ್ರೆಡಿಟ್ ಉಳಿಸಿಕೊಳ್ಳಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಂಸ್ಥೆಯ ಪ್ಯಾನ್ ತೆಗೆದು ನನ್ನದು ಹಾಕಲು ಹೋದೆ, ಆಗಲ್ಲ. ಜಿಎಸ್‌ಟಿ ನಂಬರಿನ 3ರಿಂದ 12ನೇ ಅಕ್ಷರದವರೆಗೆ ಇರುವುದೇ ಪ್ಯಾನ್ ಅಲ್ವಾ.

ಕೆಲಸ ಆದದ್ದು ಈ ಕ್ರಮದಲ್ಲಿ. ಮೊದಲು ಪಾಲುದಾರರು ಹೊರಹೋದದ್ದಕ್ಕೆ ಬಿಡುಗಡೆ ಪತ್ರ. ವ್ಯವಹಾರದ ಜೊತೆ ಸಾಲ, ಬಾಕಿಗಳೂ ನನಗೇ ವರ್ಗ ಅಂತ ಅದರಲ್ಲಿ ಬರೆಸಿದೆ. ಈ ಸಾಲು ಇಲ್ಲದಿದ್ದರೆ ಕ್ರೆಡಿಟ್ ವರ್ಗವಾಗಲ್ಲ. ನಂತರ ನನ್ನ ಪ್ಯಾನ್‌ಗೆ ಹೊಸ ನೋಂದಣಿ. ಹಳೆ ನಂಬರಿನ ಬಾಕಿ ರಿಟರ್ನ್‌ಗಳನ್ನೆಲ್ಲ ಸಲ್ಲಿಸಿ, ಅದೇ ಲಾಗಿನ್‌ನಲ್ಲಿ ಸರ್ವೀಸಸ್, ರಿಟರ್ನ್ಸ್, ಐಟಿಸಿ ಫಾರ್ಮ್ಸ್‌ಗೆ ಹೋಗಿ ಕ್ರೆಡಿಟ್ ವರ್ಗಾಯಿಸುವ ಫಾರ್ಮ್ ಐಟಿಸಿ-02 ತುಂಬಿದೆ. ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟ್ ಪ್ರಮಾಣಪತ್ರ ಸೇರಿಸಲೇಬೇಕು. ಆಮೇಲೆ ಹೊಸ ಲಾಗಿನ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ನಾನು ಇದನ್ನು ಮರೆತು ಸುಮ್ನೆ ಕಾದೆ. ಒಪ್ಪಿದ ಮೇಲೆಯೇ ಹೊಸ ನಂಬರಿನ ಕ್ರೆಡಿಟ್ ಲೆಡ್ಜರ್‌ನಲ್ಲಿ ಮೊತ್ತ ಕಂಡಿತು.

ಹಳೆ ನೋಂದಣಿ ರದ್ದಿಗೆ ಅರ್ಜಿ ಕೊನೆಗೆ. ರದ್ದಾದ ಮೇಲೆ 3 ತಿಂಗಳೊಳಗೆ ಕೊನೆಯ ರಿಟರ್ನ್ ಆದ ಜಿಎಸ್‌ಟಿಆರ್-10 ಸಲ್ಲಿಸಬೇಕು.