ಪಚ್ಚೆ ತರೋ ಮುಂಚೆ ಪಂಚಾಂಗದ ಹಾಳೆ ಚೀಲಕ್ಕೆ ಹಾಕ್ಕೊಳ್ಳಿ

ಹೋದ ತಿಂಗಳು ನನ್ನ ತಂಗಿ ಮಗಳು ಜೈಪುರ ನೋಡಿಕೊಂಡು ಬಂದವಳೇ ಒಂದು ಉಂಗುರ ತೆಗೆದು ನನ್ನ ಅಂಗೈ ಮೇಲಿಟ್ಟಳು. "ದೊಡ್ಡಮ್ಮ, ಪಚ್ಚೆ! ಎಷ್ಟು ಅಗ್ಗಕ್ಕೆ ಸಿಕ್ತು ಗೊತ್ತಾ?" ಕಿಟಕಿ ಹತ್ತಿರ ಹೋಗಿ ಭೂತಗನ್ನಡಿ ಹಿಡಿದೆ. ಒಳಗೆ ಒಂದು ಎಳೆ ಇಲ್ಲ, ಮಚ್ಚೆ ಇಲ್ಲ. ಮೂಲೆಯಲ್ಲಿ ಮಾತ್ರ ಗುಂಡಗೆ ಎರಡು ಗಾಳಿಗುಳ್ಳೆ. ಗಾಜು! ಎಲ್ಲಿ ತಗೊಂಡೆ ಅಂದರೆ ಆಟೋದವನು ಕರ್ಕೊಂಡು ಹೋದ ಅಂಗಡಿಯಂತೆ. ಆಟೋದವನು ನಿಮ್ಮನ್ನು ಕರ್ಕೊಂಡು ಹೋಗೋದು ನಿಮ್ಮ ಮೇಲಿನ ಪ್ರೀತಿಗಲ್ಲ ಕಣಮ್ಮ, ಅವನ ಕಮಿಷನ್ನಿಗೆ. ಅದನ್ನೂ ನೀವೇ ಕೊಟ್ಟಿರ್ತೀರಿ.

ನಮ್ಮ ಯಜಮಾನರಿಗೆ ವರ್ಗವಾಗಿ ಮೂರು ವರ್ಷ ಜೈಪುರದಲ್ಲಿದ್ದೆವು. ಸಂಬಳ ಅಷ್ಟೇನೂ ಇರಲಿಲ್ಲ, ಆದರೂ ನನಗೆ ಪಚ್ಚೆ ಹುಚ್ಚು. ಜೋಹರಿ ಬಜಾರಿನಿಂದ ಒಳಕ್ಕೆ ತಿರುಗೋ ಗೋಪಾಲ್‌ಜೀ ಕಾ ರಾಸ್ತಾದಲ್ಲಿ ಬಿಳಿ ಹಾಸಿಗೆ ಮೇಲೆ ಕೂತ ವ್ಯಾಪಾರಿಗಳ ಎದುರು ಗಂಟೆಗಟ್ಟಲೆ ಕೂತು, ಏನೂ ಕೊಳ್ಳದೆ ಬರೀ ನೋಡಿ ಕಲಿತಿದ್ದೇನೆ. ಜಾಂಬಿಯಾ, ಬ್ರೆಜಿಲ್, ಕೊಲಂಬಿಯಾ ಎಲ್ಲಾ ಕಡೆಯ ಒರಟು ಕಲ್ಲು ಕತ್ತರಿಸಿ ಮೆರುಗು ಹಾಕಿಸಿಕೊಳ್ಳೋಕೆ ಆ ಊರಿಗೇ ಬರುತ್ತೆ. ಅದಕ್ಕೇ ಅಲ್ಲಿ ಬಡವರ ಕೈಗೆಟುಕೋ ಪಚ್ಚೆಯೂ ಇದೆ. ಹುಡುಕೋ ತಾಳ್ಮೆ ಬೇಕಷ್ಟೆ, ಮಧ್ಯಾಹ್ನ ಎರಡರಿಂದ ಮೂರರ ಒಳಗೆ "ಶಾಪಿಂಗ್ ಮುಗಿಸ್ತೀನಿ" ಅನ್ನೋರಿಗೆ ಸಿಗಲ್ಲ.

ಅಗ್ಗದ ಪಚ್ಚೆ ಅಂದರೆ ಕಲೆ ಇರೋ ಪಚ್ಚೆ, ಇದನ್ನ ಮೊದಲು ಒಪ್ಪಿಕೊಳ್ಳಿ. ಎಳೆ, ಪಾಚಿ, ಮೋಡ ಒಳಗಿಲ್ಲದ ಪಚ್ಚೆ ನಮ್ಮಂಥವರ ಬೆಲೆಗೆ ಸಿಗೋದಿಲ್ಲ. ಪರದೇಶದವರು ಆ ಕಲೆಗೆ ತೋಟ ಅಂತಲೇ ಹೆಸರಿಟ್ಟಿದ್ದಾರೆ. ಕನ್ನಡಿ ಥರ ಶುಭ್ರವಾಗಿ, ಬೆರಳ ಗಾತ್ರದ್ದು, ಸೀರೆ ಬೆಲೆಗೆ ಸಿಕ್ಕಿತು ಅಂದರೆ ಅದು ಗಾಜು, ಇಲ್ಲ ಕಾರ್ಖಾನೆಯಲ್ಲಿ ಬೆಳೆಸಿದ್ದು. 'ಹೈಡ್ರೋ' ಅಂತ ಬಾಯಿ ತುಂಬ ಹೇಳಿ ಮಾರೋದೂ ಸಾಮಾನ್ಯವಾಗಿ ಗಾಜೇ. ಗ್ರೀನ್ ಓನಿಕ್ಸ್ ಅಂತ ಇನ್ನೊಂದಿದೆ, ಅದು ಬಣ್ಣ ಕುಡಿಸಿದ ಕಲ್ಲು. ಓನಿಕ್ಸ್ ಅಂತ ಹೇಳಿ ಓನಿಕ್ಸ್ ಬೆಲೆಗೆ ಕೊಟ್ಟರೆ ಧಾರಾಳವಾಗಿ ತಗೊಳ್ಳಿ, ಓಲೆಗೆ ಚೆನ್ನಾಗಿಯೇ ಇರುತ್ತೆ.

ಗಾತ್ರದ ಆಸೆಯನ್ನೂ ಬಿಡಿ. ಕಲ್ಲು ದೊಡ್ಡದಾದಷ್ಟೂ ಕ್ಯಾರೆಟ್ಟಿನ ದರವೇ ಏರುತ್ತೆ. ಒಂದು ಕ್ಯಾರೆಟ್ಟಿನ ಒಂದೇ ಕಲ್ಲಿಗಿಂತ ಅರ್ಧರ್ಧ ಕ್ಯಾರೆಟ್ಟಿನ ಜೋಡಿ ಸೋವಿ. ಪಚ್ಚೆ ಹಗುರ ಕಲ್ಲು ಬೇರೆ, ಅಷ್ಟೇ ತೂಕದ ಮಾಣಿಕ್ಯಕ್ಕಿಂತ ನೋಡೋಕೆ ದೊಡ್ಡದಾಗಿ ಕಾಣುತ್ತೆ. ತೂಕ ಮಾತ್ರ ಕ್ಯಾರೆಟ್ಟಿನಲ್ಲೇ ಕೇಳಿ. ಒಂದು ಕ್ಯಾರೆಟ್ 0.2 ಗ್ರಾಂ, ಅದರಲ್ಲಿ ಎರಡು ಮಾತಿಲ್ಲ. ರತ್ತಿ, ಅಂದರೆ ಗುಲಗಂಜಿ ತೂಕದ ಲೆಕ್ಕ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತೆ. ಇನ್ನೊಂದು, "ಜೋಯಿಸರು ಬುಧನಿಗೆ ಹಾಕಿಕೋ ಅಂದಿದ್ದಾರೆ" ಅಂತ ಅಂಗಡಿಯಲ್ಲಿ ಬಾಯಿ ಬಿಡಬೇಡಿ. ಹಾಗಂದ ತಕ್ಷಣ ಬೆಲೆ ಏರಿದ್ದನ್ನ ನಾನೇ ಕಣ್ಣಾರೆ ನೋಡಿದ್ದೇನೆ.

ಈಗ ನನ್ನ ಪಂಚಾಂಗದ ಹಾಳೆ ವಿಷಯ. ಮನೆಯವರೆಲ್ಲ ನಗ್ತಾರೆ, ನಗಲಿ.

ಕಲ್ಲು ನೋಡೋಕೆ ಹೋಗುವಾಗ ನನ್ನ ಕೈಚೀಲದಲ್ಲಿ ನಾಲ್ಕು ಸಾಮಾನು ಇದ್ದೇ ಇರುತ್ತೆ. ಹಳೇ ಬಿಳಿ ಪಂಚೆಯ ಒಂದು ಚೌಕ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಪುಟ್ಟ ಭೂತಗನ್ನಡಿ, ಬಿಳಿ ಪಿಂಗಾಣಿ ಬಟ್ಟಲು, ಹೋದ ವರ್ಷದ ಪಂಚಾಂಗದಿಂದ ಹರಿದ ಒಂದು ಹಾಳೆ. ಪಂಚೆ ಹತ್ತಾರು ಸಲ ಒಗೆದು ಮೆತ್ತಗಾದದ್ದೇ ಆಗಬೇಕು. (ಜರಿ ಸೀರೆ ಸುತ್ತಿಡೋಕೂ ಅದೇ ಬಟ್ಟೆ. ಪ್ಲಾಸ್ಟಿಕ್ ಕವರಿನಲ್ಲಿ ವರ್ಷಾನುಗಟ್ಟಲೆ ಇಟ್ಟು, ಆಮೇಲೆ ಜರಿ ಕಪ್ಪಾಯ್ತು ಅಂತ ನೇಯ್ದವನನ್ನ ಬೈತೀರಲ್ಲ!) ಅಂಗಡಿಯೊಳಗೆ ಹಳದಿ ದೀಪ, ಬಿಳಿ ದೀಪ ಏನೇನೋ ಹಾಕಿರ್ತಾರೆ. ಅದರ ಕೆಳಗೆ ಸೊಪ್ಪೂ ಪಚ್ಚೆಯೇ. "ಬಾಗಿಲ ಹತ್ತಿರ ನೋಡ್ತೀನಿ ಭಯ್ಯಾ" ಅನ್ನಿ. ಬಿಸಿಲಿಗೆ ಒಡ್ಡಬೇಡಿ, ನೆರಳಿನ ಬೆಳಕು ಬೇಕು, ಬೆಳಗ್ಗೆ ಹನ್ನೊಂದರ ಸುಮಾರಿಗಿನದ್ದು.

ಮೊದಲು ಕಲ್ಲು ಸುತ್ತಿದ ಕಾಗದದ ಪೊಟ್ಟಣವನ್ನೇ ನೋಡಿ. ಎಣ್ಣೆ ಮಚ್ಚೆ ಇದೆಯಾ? ಪಚ್ಚೆಗೆ ಎಣ್ಣೆ ಕುಡಿಸಿ ಬಿರುಕು ಮುಚ್ಚೋದು ಹಳೇ ಪದ್ಧತಿ, ಎಲ್ಲರೂ ಮಾಡೋದೇ. ಬಣ್ಣವಿಲ್ಲದ ಎಣ್ಣೆಯಾದರೆ ನನ್ನದೇನೂ ತಕರಾರಿಲ್ಲ. ಆದರೆ ಹಸಿರೆಣ್ಣೆ ಹಾಕಿ ಪೇಲವ ಕಲ್ಲಿಗೆ ಬಣ್ಣ ಕಟ್ಟೋರೂ ಇದ್ದಾರೆ. ಮಾತಾಡ್ತಾ ಮಾತಾಡ್ತಾ ಪಂಚೆ ಬಟ್ಟೆಯಲ್ಲಿ ಕಲ್ಲನ್ನ ಚೆನ್ನಾಗಿ ತಿಕ್ಕಿ, ಬಟ್ಟೆ ಹಸಿರಾದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಆಮೇಲೆ ಪಂಚಾಂಗದ ಸಣ್ಣ ಅಕ್ಷರದ ಮೇಲೆ ಕಲ್ಲನ್ನ ಮುಖ ಮೇಲಾಗಿ ಇಟ್ಟು ನೆಟ್ಟಗೆ ಮೇಲಿಂದ ನೋಡಿ. ನಡುಮಧ್ಯೆ 'ಬುಧವಾರ' ಅಂತ ಓದೋಕೆ ಬಂತೋ, ಅದು ಹೊಟ್ಟೆ ತೆಳ್ಳಗೆ ಕತ್ತರಿಸಿದ ಕಲ್ಲು. ಬಿದ್ದ ಬೆಳಕು ತಿರುಗಿ ಕಣ್ಣಿಗೆ ಬರೋದಿಲ್ಲ, ಕೆಳಗಿಂದ ಸೋರಿ ಹೋಗುತ್ತೆ. ಪೊಟ್ಟಣದಲ್ಲಿ ಚೆಂದ, ಬೆರಳಿಗೆ ಹಾಕಿದ ಮೇಲೆ ಮಧ್ಯದಲ್ಲಿ ಕಿಟಕಿ ತೆಗೆದ ಹಾಗೆ ಬಿಳಿಚಿಕೊಂಡಿರುತ್ತೆ. ಅಕ್ಷರ ಮುರಿದು ಚೂರಾಗಿ ಹಸಿರಲ್ಲಿ ಕರಗಿದರೆ ಕತ್ತರಿಸಿದ ಕೈ ಒಳ್ಳೇದು. ಒಂದೇ ಕಲ್ಲಿನಿಂದ ತೀರ್ಮಾನಕ್ಕೆ ಬರಬೇಡಿ, ಐದಾರು ಕಲ್ಲು ಸಾಲಾಗಿ ಇಟ್ಟು ನೋಡಿ, ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತೆ. ಕೊನೆಗೆ ಬಟ್ಟಲಲ್ಲಿ ತಣ್ಣೀರು ಹಾಕಿ ಕಲ್ಲನ್ನ ಪಕ್ಕಕ್ಕೆ ಮಲಗಿಸಿ. ಎರಡು ತುಂಡು ಅಂಟಿಸಿದ ಕಲ್ಲಾದರೆ ಅಂಟಿನ ಗೆರೆ ಎದ್ದು ಕಾಣುತ್ತೆ. ಕೆಲವು ಕಲ್ಲಲ್ಲಿ ಬಣ್ಣವೆಲ್ಲ ಆ ಗೆರೆಯಲ್ಲೇ ಇದ್ದು ಮೇಲೆ ಕೆಳಗೆ ಬರೀ ನೀರಿನ ಬಣ್ಣ. ಒಬ್ಬ ಮುದುಕ ವ್ಯಾಪಾರಿ ನನ್ನ ಬಟ್ಟಲು ನೋಡಿ ಹುಡುಗನ ಕಡೆ ತಿರುಗಿ, "ಈ ತಾಯಿಗೆ ಒಳಗಿನ ಪೊಟ್ಟಣ ತಾ" ಅಂದ. ಅಲ್ಲೀವರೆಗೆ ಹೊರಗಿನದ್ದನ್ನೇ ತೋರಿಸ್ತಿದ್ದನಲ್ಲ ಅಂತ ನಗು ಬಂತು.

ಎಲ್ಲಾ ಆದ ಮೇಲೂ ಬೆಲೆ ಸ್ವಲ್ಪ ಭಾರಿ ಅನ್ನಿಸಿದರೆ ಜೈಪುರದಲ್ಲಿ ರತ್ನ ಪರೀಕ್ಷೆ ಮಾಡೋ ಲ್ಯಾಬಿಗೆ (ಹಿಂದೆ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ ಅಂತಿದ್ದದ್ದು, ಈಗ ಐಐಜಿಜೆ-ಆರ್‌ಎಲ್‌ಸಿ) ಕೊಟ್ಟು ವರದಿ ತಗೊಳ್ಳಿ. ನೈಜ ಕಲ್ಲೋ ಬೆಳೆಸಿದ್ದೋ ಅಂತ ಕಾಗದದಲ್ಲಿ ಇರುತ್ತೆ.

ಇನ್ನು ಕಟ್ಟಿಸೋದು. ಬಿಡಿ ಕಲ್ಲು ಕೊಂಡು ಊರಲ್ಲಿ ನಿಮ್ಮ ಆಚಾರ್ರ ಹತ್ತಿರವೇ ಕೂರಿಸಿಕೊಳ್ಳಿ. ಕುಂದನ್ ಒಡವೆ ನೋಡೋಕೆ ಭರ್ಜರಿ, ಆದರೆ ಕಲ್ಲಿನ ಬೆನ್ನು ಮುಚ್ಚಿ ಹಿಂದೆ ಹೊಳೆಯೋ ತಗಡಿನ ಹಾಳೆ ಇಟ್ಟಿರ್ತಾರೆ, ಒಳಗಿರೋದು ಏನು ಅಂತ ಯಾರು ನೋಡ್ತಾರೆ? ಪಚ್ಚೆ ಗೀರಿಗೆ ಬೇಗ ಜಗ್ಗಲ್ಲ, ಆದರೆ ಪೆಟ್ಟಿಗೆ ಹೆದರೋ ಕಲ್ಲು, ಬಿಸಿಗಂತೂ ಇನ್ನೂ. ನಾಲ್ಕು ಕಾಲು ಚಾಚಿ ಹಿಡಿಯೋ ಕಟ್ಟಿಗಿಂತ ಸುತ್ತಲೂ ಬಂಗಾರದ ಅಂಚು ಎಬ್ಬಿಸಿ ಒತ್ತಿದ ಕಟ್ಟು ವಾಸಿ. ಹಿಂದೆ ಕಿಂಡಿ ಬಿಡಿಸಿ. ಚೌಕದ ಕಲ್ಲಾದರೆ ಮೂಲೆ ಕತ್ತರಿಸಿದ್ದನ್ನೇ ಆರಿಸಿ, ಚೂಪು ಮೂಲೆ ಮೊದಲು ಚೂರಾಗೋದು. ದಿನಾ ಹಾಕಿಕೊಳ್ಳೋ ಆಸೆ ಇದ್ದರೆ ಉಂಗುರ ಬೇಡ, ಓಲೆ ಅಥವಾ ಪದಕ ಮಾಡಿಸಿ, ಕಿವಿ ಪಾತ್ರೆಗೆ ತಗಲೋದಿಲ್ಲವಲ್ಲ.

ಬೆಸುಗೆ, ಆಮ್ಲದ ಸ್ನಾನ, ಮೆರುಗು ಎಲ್ಲಾ ಮುಗಿದ ಮೇಲೆ ಕಟ್ಟಕಡೆಗೆ ಕಲ್ಲು ಕೊಡಿ. ಅಲ್ಲೀವರೆಗೆ ಉದ್ದಗಲ ಆಳ ಮಿಲಿಮೀಟರಿನಲ್ಲಿ ಬರೆದುಕೊಟ್ಟರೆ ಸಾಕು. ನನ್ನ ಮೊದಲ ಪಚ್ಚೆ ಉಂಗುರ ಬಿಗಿಯಾಯ್ತು ಅಂತ ಅಳತೆ ಹಿಗ್ಗಿಸೋಕೆ ಒಬ್ಬನಿಗೆ ಕೊಟ್ಟೆ. ಕಲ್ಲು ಬಿಚ್ಚದೆ ಉರಿ ಹಿಡಿದ ಪುಣ್ಯಾತ್ಮ. ಸಂಜೆ ತಂದಾಗ ಕಲ್ಲಿನೊಳಗೆ ಬೆಳ್ಳಗೆ ಒಂದು ಬಿರುಕು ಗರಿ ಥರ ಬಿಚ್ಚಿಕೊಂಡಿತ್ತು. "ಮೊದಲೇ ಇತ್ತಮ್ಮ" ಅಂದ. ಕಲ್ಲಿನ ಫೋಟೋ ತೆಗೆದಿಡೋ ಬುದ್ಧಿ ಆಗ ನನಗಿರಲಿಲ್ಲ, ನಿಮ್ಮ ಕೈಯಲ್ಲಿ ಮೂರು ಹೊತ್ತೂ ಫೋನಿರುತ್ತೆ, ಒಂದು ತೆಗೀರಿ. ಬಿಲ್ಲಿನಲ್ಲಿ ಬಂಗಾರದ ತೂಕ ಬೇರೆ, ಕಲ್ಲಿನ ತೂಕ ಬೇರೆ ಬರೆಸಿ. ಕಲ್ಲಿಗೂ ಬಂಗಾರದ ರೇಟು ಹಾಕಿಬಿಟ್ಟರೆ?

ತೊಳೆಯೋಕೆ ಅಂಗಡಿಯ ಗುಂಯ್ ಅನ್ನೋ ಯಂತ್ರಕ್ಕೆ ಹಾಕಿಸಬೇಡಿ, ಎಣ್ಣೆಯೆಲ್ಲ ಹೊರಬಂದು ಮುಚ್ಚಿದ್ದ ಬಿರುಕು ಕಾಣೋಕೆ ಶುರುವಾಗುತ್ತೆ. ಕುದಿನೀರಿನಲ್ಲಿ ಅಂಟವಾಳ ನೆನೆಸಿ ಬಂಗಾರದ ಸರ ತಿಕ್ಕೋ ಹಾಗೆ ಇದನ್ನೂ ತಿಕ್ಕೋದು ಬೇಡ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮಗು ಹಲ್ಲುಜ್ಜೋ ಮೆತ್ತನೆ ಬ್ರಷ್ಷು, ಎರಡು ನಿಮಿಷದಲ್ಲಿ ಒರೆಸಿಬಿಡಿ. ಬೇರೆ ಒಡವೆ ಜೊತೆ ಡಬ್ಬಿಗೆ ತುಂಬಬೇಡಿ, ವಜ್ರ ಇದನ್ನ ಗೀರಿಬಿಡುತ್ತೆ.

ಪೊಟ್ಟಣದ ಕಾಗದ ಎಸೀಬೇಡಿ, ವ್ಯಾಪಾರಿ ಅದರ ಮೇಲೇ ಪೆನ್ಸಿಲ್ಲಿನಲ್ಲಿ ತೂಕ ಗೀಚಿರ್ತಾನೆ. ನನ್ನ ಆ ಗರಿ ಬಿಚ್ಚಿದ ಕಲ್ಲಿನದ್ದು ಇನ್ನೂ ಬೀರುವಿನಲ್ಲಿದೆ. ತಂಗಿ ಮಗಳ ಗಾಜಿಗೆ ಪೊಟ್ಟಣವೇ ಇರಲಿಲ್ಲ, ಮಖಮಲ್ಲಿನ ಡಬ್ಬಿ ಕೊಟ್ಟಿದ್ದರು. ಡಬ್ಬಿ ಚೆನ್ನಾಗಿದೆ, ಅದನ್ನ ನಾನು ಇಟ್ಟುಕೊಂಡೆ.